ಮುಟ್ಟು ನಿಲ್ಲುವ ಮೊದಲೇ ಮೈಕೈ ನೋವು: ಕಾರಣ ಏನು, ಮಾಡಬೇಕಾದ್ದು ಏನು

ಬೆಳಿಗ್ಗೆ ಹಾಸಿಗೆಯಿಂದ ಇಳಿದು ನೆಲಕ್ಕೆ ಕಾಲಿಟ್ಟರೆ ಹಿಮ್ಮಡಿ ಚುರ್ ಅನ್ನುತ್ತದೆ. ಬೆರಳುಗಳು ಸಲೀಸಾಗಿ ಮಡಚಲು ಸ್ವಲ್ಪ ಹೊತ್ತು ಬೇಕು. ಮುದ್ದೆ ತಿರುವುವಾಗ ಹೆಬ್ಬೆರಳಿನ ಬುಡ ಸೆಳೆಯುತ್ತದೆ. ಎಕ್ಸ್‌ರೇ ತೆಗೆಸಿದರೆ 'ಏನೂ ಇಲ್ಲ' ಅನ್ನುತ್ತಾರೆ. ಮನೆಯಲ್ಲಿ 'ವಯಸ್ಸಾಯ್ತಲ್ಲ' ಅನ್ನುತ್ತಾರೆ. ಆದರೆ ವಯಸ್ಸು ಇನ್ನೂ 43. ತಿಂಗಳ ಮುಟ್ಟು ಬರುತ್ತಲೇ ಇದೆ, ಸ್ವಲ್ಪ ಹಿಂದೆ ಮುಂದೆ ಆಗುತ್ತಿದೆ ಅಷ್ಟೆ.

ಮೈಸೂರು, ಮಂಡ್ಯ ಕಡೆಯ ಎಷ್ಟೋ ಮನೆಗಳಲ್ಲಿ ಇದು ದಿನನಿತ್ಯದ ಮಾತು. ಈಚೆಗೆ ಫೋನಿನಲ್ಲಿ ಬರುವ ವಿಡಿಯೊಗಳಲ್ಲಿ 'ಪೆರಿಮೆನೊಪಾಸ್' ಅನ್ನುವ ಪದ ಜಾಸ್ತಿ ಕೇಳಿಬರುತ್ತಿದೆ. ಜೊತೆಗೆ ದುಬಾರಿ ಪುಡಿ, ಎಣ್ಣೆ, ಮಾತ್ರೆಗಳ ಜಾಹೀರಾತೂ ಬರುತ್ತದೆ. ಹಾಗಾಗಿ ಈ ನೋವು ಯಾಕೆ ಬರುತ್ತದೆ, ಯಾವುದರಿಂದ ಕಡಿಮೆಯಾಗುತ್ತದೆ ಅನ್ನುವುದನ್ನು ಮೊದಲಿಂದ ನೋಡೋಣ.

ಪೆರಿಮೆನೊಪಾಸ್ ಅಂದರೆ ಯಾವ ಕಾಲ?

ಸತತ 12 ತಿಂಗಳು ಮುಟ್ಟು ಬರದಿದ್ದರೆ ಮುಟ್ಟು ನಿಂತಿದೆ ಎಂದು ವೈದ್ಯರು ಲೆಕ್ಕ ಹಿಡಿಯುತ್ತಾರೆ. ಅದೇ ಮೆನೊಪಾಸ್. ಭಾರತದ ಹೆಂಗಸರಲ್ಲಿ ಇದು ಸರಾಸರಿ 46–47ರ ವಯಸ್ಸಿಗೆ ಆಗುತ್ತದೆ. ಪಶ್ಚಿಮ ದೇಶಗಳಲ್ಲಿ ಸುಮಾರು 51ಕ್ಕೆ. ಅದಕ್ಕೂ ಹಿಂದಿನ ಕೆಲವು ವರ್ಷಗಳೇ ಪೆರಿಮೆನೊಪಾಸ್. ಸಾಮಾನ್ಯವಾಗಿ ಸುಮಾರು ನಾಲ್ಕು ವರ್ಷ, ಕೆಲವರಿಗೆ ಎಂಟು ವರ್ಷದವರೆಗೂ ಇರಬಹುದು. ಅಂದರೆ ನಮ್ಮ ಹೆಂಗಸರಿಗೆ 40ರ ಆಸುಪಾಸಿನಲ್ಲೇ, ಕೆಲವರಿಗೆ 38–39ಕ್ಕೇ ಶುರುವಾಗಬಹುದು.

ಈ ಕಾಲದಲ್ಲಿ ಮುಟ್ಟು 22 ದಿನಕ್ಕೇ ಬರಬಹುದು, ಎರಡು ತಿಂಗಳು ಬಾರದೆಯೂ ಇರಬಹುದು. ಕೆಲವರಿಗೆ ರಕ್ತ ಜಾಸ್ತಿ ಹೋಗುತ್ತದೆ. ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುವುದು, ನಡುರಾತ್ರಿ ಎಚ್ಚರವಾಗುವುದು, ಸುಮ್ನೆ ಸುಮ್ನೆ ಸಿಟ್ಟು ಬರುವುದು ಇವೆಲ್ಲ ಬಹಳ ಜನಕ್ಕೆ ಗೊತ್ತು. ಕೀಲು, ಮಾಂಸಖಂಡದ ನೋವೂ ಇದೇ ಪಟ್ಟಿಗೆ ಸೇರುತ್ತದೆ ಅನ್ನುವುದು ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ. 2024ರಲ್ಲಿ ಅಮೆರಿಕದ ಮೂಳೆ ವೈದ್ಯೆ ವೊಂಡಾ ರೈಟ್ ಮತ್ತು ಸಂಗಡಿಗರು ವೈದ್ಯಕೀಯ ಪತ್ರಿಕೆಯೊಂದರಲ್ಲಿ ಈ ನೋವುಗಳಿಗೆಲ್ಲ ಸೇರಿಸಿ ಒಂದೇ ಹೆಸರು ಕೊಟ್ಟರು: 'ಮಸ್ಕ್ಯುಲೊಸ್ಕೆಲಿಟಲ್ ಸಿಂಡ್ರೋಮ್ ಆಫ್ ಮೆನೊಪಾಸ್', ಅಂದರೆ ಮುಟ್ಟು ನಿಲ್ಲುವ ಕಾಲದ ಮೂಳೆ, ಮಾಂಸಖಂಡದ ತೊಂದರೆಗಳ ಗುಂಪು. ಈ ಹಂತ ದಾಟುವ ಹೆಂಗಸರಲ್ಲಿ ಶೇ. 70ಕ್ಕೂ ಹೆಚ್ಚು ಮಂದಿಗೆ ಇಂಥ ನೋವು ಒಂದಲ್ಲ ಒಂದು ರೂಪದಲ್ಲಿ ಕಾಡುತ್ತದೆ ಎಂದು ಅವರು ಬರೆದರು. ಹಾಗಾಗಿ ನಿಮ್ಮ ನೋವು ಕಲ್ಪನೆಯೂ ಅಲ್ಲ, ಸೋಮಾರಿತನದ ನೆಪವೂ ಅಲ್ಲ.

ಗರ್ಭಕೋಶ ತೆಗೆಸಿಕೊಂಡವರ ವಿಷಯ ಬೇರೆ ಹೇಳಬೇಕು. ನಮ್ಮ ಹಳ್ಳಿಗಳಲ್ಲಿ 35–40ರ ಒಳಗೇ ಈ ಆಪರೇಷನ್ ಆದವರು ಇದ್ದಾರೆ. ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆದಿದ್ದರೆ ಹಾರ್ಮೋನು ಒಮ್ಮೆಗೇ ಕುಸಿಯುತ್ತದೆ, ನೋವೂ ಜೋರಾಗಿರಬಹುದು. ಅಂಡಾಶಯ ಉಳಿಸಿದ್ದರೆ ಬದಲಾವಣೆ ಮೆಲ್ಲಗೆ ಆಗುತ್ತದೆ. ಆದರೆ ಮುಟ್ಟೇ ಇಲ್ಲದ ಕಾರಣ ಅದು ಶುರುವಾದದ್ದು ತಿಳಿಯುವುದಿಲ್ಲ. ನಿಮ್ಮ ಆಪರೇಷನ್‌ನಲ್ಲಿ ಏನೇನು ತೆಗೆದರು ಅನ್ನುವುದು ಡಿಸ್ಚಾರ್ಜ್ ಚೀಟಿಯಲ್ಲಿ ಇರುತ್ತದೆ. ಹುಡುಕಿ ಇಟ್ಟುಕೊಳ್ಳಿ.

ಮುಟ್ಟಿಗೂ ಮಂಡಿಗೂ ಏನು ಸಂಬಂಧ?

ಅಂಡಾಶಯ ತಯಾರಿಸುವ ಈಸ್ಟ್ರೊಜನ್ ಅನ್ನುವ ಹಾರ್ಮೋನು ಬರೀ ಮುಟ್ಟು, ಬಸಿರಿಗೆ ಸೀಮಿತ ಅಲ್ಲ. ಮೂಳೆ, ಮಾಂಸಖಂಡ, ಕೀಲಿನ ಒಳಪದರ, ಮೂಳೆಯ ತುದಿಗಿರುವ ನುಣುಪಾದ ಹೊದಿಕೆ, ಮಾಂಸಖಂಡವನ್ನು ಮೂಳೆಗೆ ಕಟ್ಟಿಡುವ ಟೆಂಡನ್ – ಇವೆಲ್ಲವೂ ಈಸ್ಟ್ರೊಜನ್‌ನ ಸಂದೇಶವನ್ನು ಪಡೆಯುತ್ತವೆ. ಅಲ್ಲೆಲ್ಲ ಅದು ಮೂರು ಕೆಲಸ ಮಾಡುತ್ತದೆ. ಉರಿಯೂತವನ್ನು, ಅಂದರೆ ಊತ ಮತ್ತು ನೋವು ತರುವ ರಾಸಾಯನಿಕಗಳನ್ನು, ಹದ್ದಿನಲ್ಲಿಡುತ್ತದೆ. ಟೆಂಡನ್‌ಗೆ ಬಿಗಿ ಕೊಡುವ ಕೊಲಾಜನ್ ತಯಾರಾಗಲು ನೆರವಾಗುತ್ತದೆ. ದಣಿದ ಮಾಂಸಖಂಡ ರಿಪೇರಿಯಾಗಲು ಸಹಾಯ ಮಾಡುತ್ತದೆ.

ಪೆರಿಮೆನೊಪಾಸ್‌ನಲ್ಲಿ ಈ ಹಾರ್ಮೋನು ನೇರವಾಗಿ ಇಳಿಯುವುದಿಲ್ಲ, ಏರಿಳಿಯುತ್ತದೆ. ಮಂಡ್ಯದವರಿಗೆ ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಗದ್ದೆ ನೆನಪಿಸಿದರೆ ಸಾಕು. ನೀರು ಕಡಿಮೆ ಅನ್ನುವುದಷ್ಟೇ ಅಲ್ಲಿನ ಕಷ್ಟ ಅಲ್ಲ. ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಅನ್ನುವುದೇ ಗೊತ್ತಿರುವುದಿಲ್ಲ. ಒಂದು ವಾರ ಬದು ಮೀರಿ ಹರಿಯುತ್ತದೆ, ಮುಂದಿನ ವಾರ ಗದ್ದೆ ಬಿರುಕು ಬಿಡುತ್ತದೆ. ನಿಮ್ಮ ನೋವೂ ಒಂದು ವಾರ ಮಾಯವಾಗಿ ಇನ್ನೊಂದು ವಾರ ವಾಪಸ್ ಬರುವುದು ಇದೇ ಕಾರಣಕ್ಕೆ. 45 ದಾಟಿದವರಲ್ಲಿ ಹಾರ್ಮೋನ್ ರಕ್ತಪರೀಕ್ಷೆಯಿಂದ ಹೆಚ್ಚು ಪ್ರಯೋಜನ ಇಲ್ಲದಿರುವುದೂ ಇದಕ್ಕೇ. ಇವತ್ತಿನ ಅಂಕಿ ಮುಂದಿನ ವಾರಕ್ಕೆ ಹೊಂದುವುದಿಲ್ಲ. ಈ ವಯಸ್ಸಿನಲ್ಲಿ ಮುಟ್ಟಿನ ಲೆಕ್ಕ ಮತ್ತು ಲಕ್ಷಣ ಕೇಳಿಯೇ ವೈದ್ಯರು ತೀರ್ಮಾನಿಸುತ್ತಾರೆ.

ಹಾರ್ಮೋನಿಗೂ ಕೀಲುನೋವಿಗೂ ಸಂಬಂಧ ಇದೆ ಅನ್ನುವುದಕ್ಕೆ ಇನ್ನೊಂದು ಕಡೆಯಿಂದಲೂ ಸಾಕ್ಷಿ ಸಿಗುತ್ತದೆ. ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಈಸ್ಟ್ರೊಜನ್ ತಯಾರಿಕೆಯನ್ನೇ ತಡೆಯುವ ಮಾತ್ರೆಗಳಿವೆ. ಅವನ್ನು ತೆಗೆದುಕೊಳ್ಳುವವರಲ್ಲಿ ಬಹಳ ಮಂದಿಗೆ ಕೀಲುನೋವು, ಬೆಳಗಿನ ಬಿಗಿತ ಶುರುವಾಗುತ್ತದೆ.

ನಿದ್ದೆಯ ಪಾಲೂ ದೊಡ್ಡದು. ರಾತ್ರಿ ಬೆವರಿ ಎರಡು ಮೂರು ಸಲ ಎದ್ದರೆ ಮರುದಿನ ಅದೇ ನೋವು ಜಾಸ್ತಿ ಅನಿಸುತ್ತದೆ. ನಿದ್ದೆಗೆಟ್ಟಾಗ ನೋವು ತಡೆಯುವ ಶಕ್ತಿಯೇ ತಗ್ಗುತ್ತದೆ. ಜೊತೆಗೆ 30 ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಸುಮಾರು ಶೇ. 3ರಿಂದ 8ರಷ್ಟು ಮಾಂಸಖಂಡ ಕರಗುತ್ತದೆ. ಮುಟ್ಟು ನಿಲ್ಲುವ ಹೊತ್ತಿಗೆ ಇದು ಇನ್ನೂ ವೇಗವಾಗುತ್ತದೆ. ಮಂಡಿಯ ಸುತ್ತಲಿನ ಮಾಂಸಖಂಡ ಸೊರಗಿದರೆ ಮೈಭಾರವೆಲ್ಲ ಕೀಲಿನ ಮೇಲೇ ಬೀಳುತ್ತದೆ.

ನೋವು ಎಲ್ಲೆಲ್ಲಿ?

ಬೆರಳು, ಮಣಿಕಟ್ಟು, ಮಂಡಿ, ಸೊಂಟದ ಪಕ್ಕ, ಹಿಮ್ಮಡಿ, ಭುಜ, ಕತ್ತು. ಇವತ್ತು ಇಲ್ಲಿ, ನಾಳೆ ಅಲ್ಲಿ ಅನ್ನುವುದೂ ಉಂಟು. ಎರಡು ತೊಂದರೆಗಳನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇವನ್ನು ಬೇಗ ಗುರುತಿಸಿದರೆ ಬಹಳ ಉಪಯೋಗ ಇದೆ.

ಮೊದಲನೆಯದು ಹೆಬ್ಬೆರಳಿನ ಬುಡದ ನೋವು. ಮುದ್ದೆ ಕೋಲು ಹಿಡಿದು ಗಟ್ಟಿ ಹಿಟ್ಟನ್ನು ತಿರುವುವಾಗ ಹೆಬ್ಬೆರಳು ಕೋಲನ್ನು ಬಿಗಿಯಾಗಿ ಹಿಡಿದಿರುತ್ತದೆ, ಮಣಿಕಟ್ಟು ಪಕ್ಕಕ್ಕೆ ತಿರುಚುತ್ತಿರುತ್ತದೆ. ಬಟ್ಟೆ ಹಿಂಡುವಾಗಲೂ ಹೀಗೇ. ಹೆಬ್ಬೆರಳನ್ನು ಎಳೆಯುವ ಟೆಂಡನ್ ಮಣಿಕಟ್ಟಿನ ಬಳಿ ಒಂದು ಕಿರಿದಾದ ಕವಚದೊಳಗೆ ಓಡಾಡುತ್ತದೆ. ಆ ಕವಚ ಊದಿಕೊಂಡರೆ ಪ್ರತಿ ಸಲವೂ ಉಜ್ಜಿ ನೋವಾಗುತ್ತದೆ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ, ಮುಷ್ಟಿಯನ್ನು ಕಿರುಬೆರಳ ಕಡೆಗೆ ನಿಧಾನವಾಗಿ ಬಾಗಿಸಿ ನೋಡಿ. ಮಣಿಕಟ್ಟಿನ ಹೆಬ್ಬೆರಳ ಪಕ್ಕ ಸೆಳೆತ ತಡೆಯಲಾಗದಿದ್ದರೆ ಇದೇ ಇರಬಹುದು. ಕೆಲವು ವಾರ ಹೆಬ್ಬೆರಳಿಗೆ ಪಟ್ಟಿ ಕಟ್ಟಿ, ತಿರುವುವ ಹಿಂಡುವ ಕೆಲಸ ಮನೆಯ ಬೇರೆಯವರಿಗೆ ಬಿಟ್ಟರೆ ಬಹಳ ಮಂದಿಗೆ ಕಡಿಮೆಯಾಗುತ್ತದೆ. ಮನೆಯ ಗಂಡಸರು ಮುದ್ದೆ ತಿರುವುವುದು ಕಲಿಯಲು ಇದು ಒಳ್ಳೆಯ ಸಮಯ.

ಎರಡನೆಯದು ಭುಜ ಹಿಡಿದುಕೊಳ್ಳುವುದು, ಅಂದರೆ ಫ್ರೋಜನ್ ಶೋಲ್ಡರ್. ಜಡೆ ಹಾಕಲು ಕೈ ಹಿಂದಕ್ಕೆ ಹೋಗುವುದಿಲ್ಲ, ಅಟ್ಟದ ಮೇಲಿನ ಡಬ್ಬ ಎಟುಕುವುದಿಲ್ಲ, ಆ ಪಕ್ಕಕ್ಕೆ ಮಲಗಿದರೆ ಎಚ್ಚರವಾಗುತ್ತದೆ. 40ರಿಂದ 60ರ ನಡುವಿನ ಹೆಂಗಸರಲ್ಲಿ ಇದು ಹೆಚ್ಚು. ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಇದ್ದರೆ ಇನ್ನೂ ಹೆಚ್ಚು. ಮೊದಲು ನೋವು, ಆಮೇಲೆ ಬಿಗಿತ, ಕೊನೆಗೆ ತಾನಾಗಿ ಸಡಿಲ. ಪೂರ್ತಿ ಸರಿಹೋಗಲು ಒಂದರಿಂದ ಮೂರು ವರ್ಷ ಹಿಡಿಯಬಹುದು. ನೋವಿನ ಹಂತದಲ್ಲೇ ಮೂಳೆ ವೈದ್ಯರನ್ನು ಕಂಡರೆ ಕೀಲಿಗೆ ಕೊಡುವ ಇಂಜೆಕ್ಷನ್, ಫಿಸಿಯೋಥೆರಪಿಯಿಂದ ನೋವು ಬೇಗ ತಗ್ಗಿಸಬಹುದು. ಭುಜವನ್ನು ಯಾರ ಕೈಲಾದರೂ ಜೋರಾಗಿ ಎಳೆಸಿಕೊಳ್ಳಬೇಡಿ.

ಎಲ್ಲ ನೋವೂ ಹಾರ್ಮೋನಿನದಲ್ಲ

ಇಲ್ಲಿ ಎಚ್ಚರ ಬೇಕು. 40 ದಾಟಿದ ಹೆಂಗಸಿನ ನೋವನ್ನೆಲ್ಲ ಪೆರಿಮೆನೊಪಾಸ್ ಎಂದು ತಳ್ಳಿಹಾಕುವುದು, 'ವಯಸ್ಸಾಯ್ತು' ಎಂದು ತಳ್ಳಿಹಾಕಿದಷ್ಟೇ ತಪ್ಪು.

ಥೈರಾಯ್ಡ್ ಕಡಿಮೆಯಾದರೂ ಮೈಕೈ ನೋಯುತ್ತದೆ, ಸುಸ್ತಾಗುತ್ತದೆ, ಮುಟ್ಟು ಏರುಪೇರಾಗುತ್ತದೆ. ವಿಟಮಿನ್ ಡಿ ತೀರಾ ಕಡಿಮೆಯಾದರೆ ಮೂಳೆ ಒತ್ತಿದರೂ ನೋವು. ಪೆರಿಮೆನೊಪಾಸ್‌ನಲ್ಲಿ ರಕ್ತ ಜಾಸ್ತಿ ಹೋಗಿ ರಕ್ತಹೀನತೆ ಆದವರಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಕಾಲು ಸೋಲುತ್ತದೆ. ಚಿಕುನ್‌ಗುನ್ಯಾ ಬಂದು ಹೋದ ಮೇಲೂ ಕೀಲುನೋವು ತಿಂಗಳುಗಟ್ಟಲೆ ಉಳಿಯುತ್ತದೆ. ಕೊಲೆಸ್ಟ್ರಾಲ್‌ಗೆ ಕೊಡುವ ಸ್ಟ್ಯಾಟಿನ್ ಮಾತ್ರೆಯಿಂದಲೂ ಕೆಲವರಿಗೆ ಮಾಂಸಖಂಡ ನೋಯುತ್ತದೆ. ಹಾಗಂತ ಡಾಕ್ಟರನ್ನು ಕೇಳದೆ ಆ ಮಾತ್ರೆ ನಿಲ್ಲಿಸಬಾರದು.

ಎಲ್ಲಕ್ಕಿಂತ ಮುಖ್ಯವಾಗಿ ಬೇರ್ಪಡಿಸಬೇಕಾದದ್ದು ರುಮಟಾಯ್ಡ್ ಸಂಧಿವಾತ, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಮೇಲೆ ದಾಳಿ ಮಾಡುವ ಕಾಯಿಲೆ. ಇದೂ ಹೆಂಗಸರಿಗೇ ಹೆಚ್ಚು, ಇದೇ ವಯಸ್ಸಿನಲ್ಲಿ ಶುರುವಾಗುವುದೂ ಸಾಮಾನ್ಯ. ಎರಡಕ್ಕೂ ಇರುವ ವ್ಯತ್ಯಾಸವನ್ನು ಮನೆಯಲ್ಲೇ ಗಮನಿಸಬಹುದು. ಹಾರ್ಮೋನಿನ ನೋವಿನಲ್ಲಿ ಬೆಳಗಿನ ಬಿಗಿತ ಸಾಮಾನ್ಯವಾಗಿ ಸ್ವಲ್ಪ ಓಡಾಡಿದರೆ ಬಿಡುತ್ತದೆ. ಸಂಧಿವಾತದಲ್ಲಿ ಅರ್ಧ ಗಂಟೆ, ಒಂದು ಗಂಟೆಗಿಂತಲೂ ಜಾಸ್ತಿ ಇರುತ್ತದೆ. ಎರಡೂ ಕೈಯ ಬೆರಳಿನ ಗಿಣ್ಣು ಕಣ್ಣಿಗೆ ಕಾಣುವಂತೆ ಊದುತ್ತವೆ, ಮುಟ್ಟಿದರೆ ಮೆತ್ತಗೆ, ಬೆಚ್ಚಗೆ ಇರುತ್ತವೆ. ಹೀಗಿದ್ದರೆ ಕಾಯಬೇಡಿ. ಮೊದಲ ತಿಂಗಳುಗಳಲ್ಲೇ ಚಿಕಿತ್ಸೆ ಸಿಕ್ಕರೆ ಕೀಲು ಹಾಳಾಗದಂತೆ ಉಳಿಸಿಕೊಳ್ಳಬಹುದು.

ಹೀಗಾಗಿ ವೈದ್ಯರು ಸಾಮಾನ್ಯವಾಗಿ ಹಿಮೋಗ್ಲೋಬಿನ್, ಥೈರಾಯ್ಡ್ ನೋಡುವ ಟಿಎಸ್‌ಎಚ್, ಸಕ್ಕರೆ ಅಂಶ, ವಿಟಮಿನ್ ಡಿ, ಮತ್ತು ಊತ ಇದ್ದರೆ ಉರಿಯೂತ ತೋರಿಸುವ ಇಎಸ್‌ಆರ್, ಸಿಆರ್‌ಪಿ, ಸಂಧಿವಾತ ಪತ್ತೆಗೆ ನೆರವಾಗುವ ಆರ್‌ಎ ಫ್ಯಾಕ್ಟರ್, ಆ್ಯಂಟಿ-ಸಿಸಿಪಿ ಪರೀಕ್ಷೆ ಬರೆಯುತ್ತಾರೆ.

ದಿನವಿಡೀ ದುಡಿಯುವವರಿಗೂ ವ್ಯಾಯಾಮ ಬೇಕಾ?

'ಬೆಳಿಗ್ಗೆಯಿಂದ ರಾತ್ರಿವರೆಗೂ ಕೆಲಸ ಮಾಡ್ತೀನಿ, ಇನ್ನೇನು ವ್ಯಾಯಾಮ?' ಅನ್ನುವ ಪ್ರಶ್ನೆ ನ್ಯಾಯವಾದದ್ದೇ. ನಾಟಿ ಮಾಡುವವರು ಗಂಟೆಗಟ್ಟಲೆ ಸೊಂಟ ಬಗ್ಗಿಸಿರುತ್ತಾರೆ. ಗಾರ್ಮೆಂಟ್ಸ್‌ನಲ್ಲಿ ಕೂತವರು ಕತ್ತು ಬಗ್ಗಿಸಿ ಒಂದೇ ಹೊಲಿಗೆ ದಿನವಿಡೀ ಹೊಲಿಯುತ್ತಾರೆ. ಇದರಲ್ಲಿ ದಣಿವು ಇದೆ, ಆದರೆ ಎಲ್ಲ ಮಾಂಸಖಂಡಗಳೂ ಬಲಿಯುವುದಿಲ್ಲ. ಕೆಲವೇ ಭಾಗಗಳು ಒಂದೇ ರೀತಿ ಸವೆಯುತ್ತವೆ, ತೊಡೆ, ಪಿರ್ರೆ, ಬೆನ್ನಿನ ಮೇಲ್ಭಾಗಕ್ಕೆ ಬಲ ಕೂಡುವುದಿಲ್ಲ. ಮಾಂಸಖಂಡ ಬಲಿಯಬೇಕಾದರೆ ಅದಕ್ಕೆ ಸ್ವಲ್ಪ ಸ್ವಲ್ಪವಾಗಿ ಭಾರ ಹೆಚ್ಚಿಸುತ್ತಾ ಹೋಗಬೇಕು, ನಡುವೆ ಬಿಡುವು ಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150 ನಿಮಿಷದ ಬಿರುಸು ನಡಿಗೆಯಂಥ ಚಟುವಟಿಕೆಯ ಜೊತೆಗೆ, ಎರಡು ದಿನವಾದರೂ ಬಲ ಹೆಚ್ಚಿಸುವ ವ್ಯಾಯಾಮ ಮಾಡಿ ಅನ್ನುವುದು ಇದಕ್ಕೇ. ಈ ಎರಡನೆಯ ಭಾಗವನ್ನೇ ನಮ್ಮಲ್ಲಿ ಬಹಳ ಜನ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಜಿಮ್ ಬೇಕಿಲ್ಲ. ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ಒತ್ತಿಡಿ. ಅಂಚಿನಲ್ಲಿ ಕೂತು, ಪಾದ ಊರಿ, ಎರಡೂ ಕೈ ಎದೆಗೆ ಕಟ್ಟಿಕೊಳ್ಳಿ. ಕೈ ಊರದೆ ಎದ್ದು ನಿಲ್ಲಿ. ಕೂರುವಾಗ ದೊಪ್ಪನೆ ಕೂರಬೇಡಿ, ಮನಸ್ಸಿನಲ್ಲಿ ಮೂರು ಎಣಿಸುತ್ತಾ ಇಳಿಯಿರಿ. ಹೀಗೆ ಇಳಿಯುವಾಗಲೂ ಬಲ ಕೂಡುತ್ತದೆ. ಎಂಟು ಸಲ ಮಾಡಿ, ಒಂದು ನಿಮಿಷ ಸುಧಾರಿಸಿಕೊಂಡು ಇನ್ನೊಂದು ಎಂಟು. ಕಷ್ಟವಾದರೆ ಕುರ್ಚಿ ಮೇಲೆ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ಸಲೀಸಾದರೆ ಒಂದು ಕೆ.ಜಿ. ಸಕ್ಕರೆ ಪೊಟ್ಟಣವನ್ನು ಎದೆಗವಚಿಕೊಂಡು ಮಾಡಿ. ಜೊತೆಗೆ ಗೋಡೆಗೆ ಅಂಗೈ ಊರಿ ಬಾಗಿ ತಳ್ಳುವುದು, ಅಡುಗೆ ಕಟ್ಟೆ ಹಿಡಿದು ತುದಿಗಾಲಲ್ಲಿ ನಿಲ್ಲುವುದು ಸೇರಿಸಿದರೆ 15 ನಿಮಿಷದ ಕೆಲಸ. ವಾರಕ್ಕೆ ಎರಡು ಮೂರು ದಿನ ಸಾಕು.

ಮೊದಮೊದಲು ಮರುದಿನ ತೊಡೆ ನೋಯುವುದು ಸಹಜ. ಅದು ಕೆಲವು ದಿನದಲ್ಲಿ ಹೋಗುತ್ತದೆ. ಕೀಲು ಊದಿದರೆ ಅಥವಾ ಕೀಲಿನ ನೋವು ಮರುದಿನ ಬೆಳಿಗ್ಗೆಗೂ ಮೊದಲಿಗಿಂತ ಜಾಸ್ತಿ ಇದ್ದರೆ ಪ್ರಮಾಣ ಇಳಿಸಿ, ಪೂರ್ತಿ ಬಿಡಬೇಡಿ. ಫಲ ಕಾಣಲು ಎರಡು ಮೂರು ತಿಂಗಳು ಬೇಕು.

ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ ಏರಿ, ಲಿಂಗಾಂಬುಧಿ ಕೆರೆ ದಂಡೆ ಇರುವುದು ಪುಣ್ಯ. ಸಮತಟ್ಟು ಮಣ್ಣಿನ ದಾರಿ ಕೀಲಿಗೆ ಹಿತ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವ ಅಭ್ಯಾಸ ಇದ್ದವರು ಒಂದು ಮಾತು ಗಮನಿಸಿ. ಮಂಡಿ ಚಿಪ್ಪಿನ ಮೇಲೆ ಹತ್ತುವಾಗಿನದಕ್ಕಿಂತ ಇಳಿಯುವಾಗ ಒತ್ತಡ ಜಾಸ್ತಿ. ಮಂಡಿ ನೋವಿದ್ದರೆ ನಿಧಾನವಾಗಿ ಹತ್ತಿ, ಇಳಿಯುವುದಕ್ಕೆ ಬಸ್ ಹಿಡಿಯಿರಿ. ಯೋಗ ಮಾಡುವವರು ಬಿಡಬೇಕಿಲ್ಲ. ಉತ್ಕಟಾಸನ, ವೀರಭದ್ರಾಸನದಂಥ ನಿಂತು ಮಾಡುವ ಆಸನಗಳು ಕಾಲಿಗೆ ಬಲ ಕೊಡುತ್ತವೆ. ಬರೀ ಪ್ರಾಣಾಯಾಮ, ಶವಾಸನದಿಂದ ಮಾಂಸಖಂಡ ಬಲಿಯುವುದಿಲ್ಲ.

ಗದ್ದೆ ಕೆಲಸದವರು ಅರ್ಧ ಗಂಟೆಗೊಮ್ಮೆ ನೆಟ್ಟಗೆ ನಿಂತು, ಸೊಂಟಕ್ಕೆ ಕೈ ಕೊಟ್ಟು ಹಿಂದಕ್ಕೆ ನಾಲ್ಕು ಸಲ ಬಾಗಿ.

ತಟ್ಟೆಯಲ್ಲಿ ಏನಿರಬೇಕು?

ಮುದ್ದೆ ಉಣ್ಣುವವರಿಗೆ ಕ್ಯಾಲ್ಸಿಯಂ ವಿಷಯದಲ್ಲಿ ಒಳ್ಳೆಯ ಆರಂಭ ಸಿಕ್ಕಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ದಿನಕ್ಕೆ 1000 ಮಿಲಿಗ್ರಾಂ ಬೇಕು, ಮುಟ್ಟು ನಿಂತ ಮೇಲೆ 1200. ಉಳಿದದ್ದನ್ನು ಹಾಲು, ಮೊಸರು, ನುಗ್ಗೆ ಸೊಪ್ಪು, ಎಳ್ಳು ತುಂಬಬಹುದು.

ಕೊರತೆ ಇರುವುದು ಹೆಚ್ಚಾಗಿ ಪ್ರೋಟೀನಿನಲ್ಲಿ. 60 ಕೆ.ಜಿ. ತೂಕದ ಹೆಂಗಸಿಗೆ ದಿನಕ್ಕೆ ಕನಿಷ್ಠ 50 ಗ್ರಾಂ ಬೇಕು. ಮಾಂಸಖಂಡ ಉಳಿಸಿಕೊಳ್ಳಬೇಕಾದ ಈ ವಯಸ್ಸಿನಲ್ಲಿ 60–70 ಗ್ರಾಂ ಇದ್ದರೆ ಒಳ್ಳೆಯದು ಅನ್ನುತ್ತಾರೆ ತಜ್ಞರು. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸಿಗುವುದು 7 ಗ್ರಾಂ ಮಾತ್ರ. ತಿಳಿ ಸಾರಿನಲ್ಲಿ ಇನ್ನೂ ಕಡಿಮೆ. ಹುರುಳಿ ಕಾಳಿನ ಬಸ್ಸಾರು ಮಾಡಿದಾಗ ಕಟ್ಟನ್ನು ಎಲ್ಲರಿಗೂ ಬಡಿಸಿ, ಕಾಳಿನ ಪಲ್ಯವನ್ನು ಮಕ್ಕಳಿಗೂ ಗಂಡನಿಗೂ ಹಾಕಿ, ತಾನು ಸಾರು ಮುದ್ದೆಯಲ್ಲೇ ಊಟ ಮುಗಿಸುವ ಅಮ್ಮಂದಿರು ಎಷ್ಟು ಜನ ಅಲ್ವಾ? ಪ್ರೋಟೀನ್ ಇರುವುದು ಹೆಚ್ಚಾಗಿ ಆ ಕಾಳಿನಲ್ಲೇ. ಒಣ ಹುರುಳಿ 100 ಗ್ರಾಂಗೆ ಸುಮಾರು 22 ಗ್ರಾಂ. ಒಂದು ಮೊಟ್ಟೆಯಲ್ಲಿ 6, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ ಸುಮಾರು 7. ಒಂದೇ ಹೊತ್ತಿಗೆ ತುಂಬಿಕೊಳ್ಳದೆ ಮೂರು ಹೊತ್ತಿಗೂ ಹಂಚಿ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳಿಯೇ ಹೆಚ್ಚಿಸಬೇಕು.

ವಿಟಮಿನ್ ಡಿಗೆ ಬಿಸಿಲು ಬೇಕು. ಆದರೆ ದಿನವಿಡೀ ಒಳಗಿರುವವರಿಗೆ ಅದು ಸಾಲದು. ವಾರಕ್ಕೊಂದು 60,000 ಯೂನಿಟ್‌ನ ಪೊಟ್ಟಣವನ್ನು ವೈದ್ಯರು ಕೆಲವು ವಾರಕ್ಕೆಂದು ಬರೆಯುತ್ತಾರೆ. ಅದನ್ನೇ ವರ್ಷಗಟ್ಟಲೆ ತೆಗೆದುಕೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಮಿತಿಮೀರಿ ಕಿಡ್ನಿಗೆ ಪೆಟ್ಟಾಗಬಹುದು.

ಶಾಖ, ಮುಲಾಮು, ಮಾತ್ರೆ

ಬಿಸಿನೀರಿನ ಶಾಖ, ಹರಳೆಣ್ಣೆ ಹಚ್ಚಿ ಸ್ನಾನ ಇವೆಲ್ಲ ಬಿಗಿತ ಸಡಿಲಿಸುತ್ತವೆ, ಹಿತ ಕೊಡುತ್ತವೆ. ಧಾರಾಳವಾಗಿ ಮಾಡಿ. ಕೀಲಿನ ಒಳಗಿನ ಸ್ಥಿತಿ ಅವುಗಳಿಂದ ಬದಲಾಗುವುದಿಲ್ಲ ಅಷ್ಟೆ. ಕೈ, ಮಂಡಿ ನೋವಿಗೆ ಡೈಕ್ಲೊಫೆನಾಕ್ ಜೆಲ್ ನುಂಗುವ ಮಾತ್ರೆಗಿಂತ ಸುರಕ್ಷಿತ, ಏಕೆಂದರೆ ರಕ್ತಕ್ಕೆ ಸೇರುವುದು ಬಹಳ ಸ್ವಲ್ಪ.

ಮೆಡಿಕಲ್ ಶಾಪಿನಲ್ಲಿ 'ಮೈಕೈ ನೋವಿಗೆ ಕೊಡಿ' ಎಂದು ಕೇಳಿ ದಿನಾ ನುಂಗುವ ಮಾತ್ರೆಗಳ ಬಗ್ಗೆ ನನಗೆ ನಿಜಕ್ಕೂ ಆತಂಕ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳು ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು, ಬಿಪಿ ಏರಿಸಬಹುದು, ಕಿಡ್ನಿ ಕೆಡಿಸಬಹುದು. ನೋವು ಜೋರಾದ ಕೆಲವು ದಿನಕ್ಕೆ, ವೈದ್ಯರು ಹೇಳಿದಷ್ಟು ಮಾತ್ರ ಅವು ಸರಿ. ಇನ್ನೂ ಅಪಾಯ ಸ್ಟೀರಾಯ್ಡ್ ಮಾತ್ರೆಗಳದು. ಎರಡೇ ದಿನದಲ್ಲಿ ನೋವು ಮಾಯ, ಹಸಿವು ಜಾಸ್ತಿ, ಮುಖ ತುಂಬಿಕೊಳ್ಳುತ್ತದೆ. ತಿಂಗಳುಗಟ್ಟಲೆ ಹೋದರೆ ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ. ಅದೂ ಮೂಳೆ ಮೊದಲೇ ಸೊರಗುವ ವಯಸ್ಸಿನಲ್ಲಿ. ಹೆಸರಿಲ್ಲದ 'ವಾಯು ಪುಡಿ'ಯಿಂದ ಪವಾಡದಂತೆ ನೋವು ಹೋಯಿತು ಅಂದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಾಧ್ಯತೆ ಇದೆ. ಬಹಳ ದಿನದಿಂದ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಗೇ ನಿಲ್ಲಿಸಬೇಡಿ, ಡಾಕ್ಟರ ಸಲಹೆಯಂತೆ ಇಳಿಸಬೇಕು.

ಹಾರ್ಮೋನ್ ಚಿಕಿತ್ಸೆ ಎಂದರೆ?

ಕಡಿಮೆಯಾದ ಈಸ್ಟ್ರೊಜನ್ನನ್ನು ಮಾತ್ರೆ, ಜೆಲ್ ಅಥವಾ ಚರ್ಮಕ್ಕಂಟಿಸುವ ಪ್ಯಾಚ್ ರೂಪದಲ್ಲಿ ಕೊಡುವುದೇ ಹಾರ್ಮೋನ್ ಚಿಕಿತ್ಸೆ. ಗರ್ಭಕೋಶ ಇರುವವರಿಗೆ ಜೊತೆಗೆ ಪ್ರೊಜೆಸ್ಟೊಜನ್ ಅನ್ನುವ ಇನ್ನೊಂದು ಹಾರ್ಮೋನು ಕೊಡಲೇಬೇಕು, ಇಲ್ಲದಿದ್ದರೆ ಗರ್ಭಕೋಶದ ಒಳಪದರ ಬೆಳೆದು ಕ್ಯಾನ್ಸರ್ ಅಪಾಯ ಹೆಚ್ಚುತ್ತದೆ. ಮೈ ಬಿಸಿಯೇರುವುದು, ರಾತ್ರಿ ಬೆವರುವುದಕ್ಕೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಮೂಳೆಯನ್ನೂ ಕಾಯುತ್ತದೆ. ಕೀಲುನೋವಿನಲ್ಲಿ ಸಿಗುವ ಲಾಭ ಸಾಧಾರಣ. ಹಾಗಾಗಿ ಕೀಲುನೋವು ಒಂದೇ ಇದ್ದರೆ ಸಾಮಾನ್ಯವಾಗಿ ಇದನ್ನು ಕೊಡುವುದಿಲ್ಲ. ಬೆವರು, ನಿದ್ದೆಗೇಡು, ನೋವು ಎಲ್ಲ ಸೇರಿ ಬದುಕು ಕಷ್ಟವಾಗಿದ್ದರೆ ಸ್ತ್ರೀರೋಗ ತಜ್ಞರನ್ನು ಧೈರ್ಯವಾಗಿ ಕೇಳಿ. ಸ್ತನ ಕ್ಯಾನ್ಸರ್, ರಕ್ತನಾಳದಲ್ಲಿ ಹೆಪ್ಪು, ಪಾರ್ಶ್ವವಾಯು, ಲಿವರ್ ಕಾಯಿಲೆ ಆಗಿದ್ದವರಿಗೆ, ಕಾರಣ ತಿಳಿಯದ ರಕ್ತಸ್ರಾವ ಇರುವವರಿಗೆ ಇದು ಸಾಮಾನ್ಯವಾಗಿ ಹೊಂದುವುದಿಲ್ಲ.

ಡಾಕ್ಟರ ಬಳಿ ಯಾವಾಗ, ಏನು ತೆಗೆದುಕೊಂಡು ಹೋಗಬೇಕು?

ಕೀಲು ಕೆಂಪಾಗಿ ಊದಿ ಜ್ವರ ಬಂದರೆ ಅದೇ ದಿನ ಹೋಗಿ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೂ ಅದೇ ದಿನ, ರಕ್ತ ಹೆಪ್ಪುಗಟ್ಟಿರಬಹುದು. ಸೊಂಟ ನೋವಿನ ಜೊತೆ ಕಾಲು ಸೋತರೆ, ಮೂತ್ರದ ಹಿಡಿತ ತಪ್ಪಿದರೆ ರಾತ್ರಿಯಾದರೂ ಹೋಗಬೇಕು. ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ಬಿಡದ ಮೂಳೆ ನೋವು, ಸಣ್ಣದಾಗಿ ಬಿದ್ದರೂ ಮೂಳೆ ಮುರಿಯುವುದು, ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಾಣಿಸುವುದು ಇವುಗಳಿಗೂ ತಡ ಮಾಡಬಾರದು.

ಮಿಕ್ಕಂತೆ ನೋವು ಆರು ವಾರ ದಾಟಿದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಶುರುಮಾಡಿ. ಅಲ್ಲಿಂದ ಮುಂದಕ್ಕೆ ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮಿಮ್ಸ್, ಮೈಸೂರಿನಲ್ಲಿ ಹೆಂಗಸರ ತೊಂದರೆಗೆ ಚೆಲುವಾಂಬ ಆಸ್ಪತ್ರೆ, ಮೂಳೆ ಕೀಲಿಗೆ ಕೆ.ಆರ್. ಆಸ್ಪತ್ರೆ ಇವೆ. ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಗುರುತಿನ ಚೀಟಿ ಇದ್ದರೆ ಸಾಕು.

ಹೋಗುವ ಮೊದಲು ಕ್ಯಾಲೆಂಡರಿನಲ್ಲಿ ಎರಡು ತಿಂಗಳು ಗುರುತು ಹಾಕಿ: ಮುಟ್ಟಾದ ದಿನ, ನೋವು ಜೋರಿದ್ದ ದಿನ, ನಿದ್ದೆ ಕೆಟ್ಟ ರಾತ್ರಿ. ಬೆಳಗಿನ ಬಿಗಿತ ಎಷ್ಟು ಹೊತ್ತು ಇತ್ತು ಅನ್ನುವುದನ್ನೂ ಬರೆಯಿರಿ. ನುಂಗುತ್ತಿರುವ ಮಾತ್ರೆಗಳ ಶೀಟು, ಪುಡಿ, ಲೇಹ್ಯ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ. 'ಮೈಕೈ ನೋವು' ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಮುಟ್ಟು ಏರುಪೇರಾಗಿದೆ, ರಾತ್ರಿ ಬೆವರುತ್ತೇನೆ ಅನ್ನುವುದನ್ನು ಮೂಳೆ ಡಾಕ್ಟರಿಗೂ ಹೇಳಿ. ಅವರಾಗಿ ಕೇಳದೆ ಇರಬಹುದು.